ನಾಲ್ಕು ಸೇರಿದ ಕೂಡಲೇ ಒಡೆಯಬೇಡಿ: ಪುಯೊ ಪುಯೊ ಪ್ರಶ್ನೋತ್ತರ

ಈ ಸಂಚಿಕೆಯಲ್ಲಿ ಪುಯೊ ಪುಯೊ ಆಟದ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇವೆ. ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು ಇಬ್ಬರು ತಮ್ಮ ತಮ್ಮ ಬೋರ್ಡಿನಲ್ಲಿ ಎದುರುಬದುರಾಗಿ ಆಡುವ ವಿಡಿಯೋ ಆಟ. ಬೋರ್ಡ್ 6 ಕಾಲಮ್ ಅಗಲ, ಕಣ್ಣಿಗೆ ಕಾಣುವಂತೆ 12 ಸಾಲು ಎತ್ತರ. ಪುಯೊ ಎಂಬ ಬಣ್ಣದ ಲೋಳೆಯುಂಡೆಗಳು ಮೇಲಿನಿಂದ ಜೋಡಿಯಾಗಿ ಬೀಳುತ್ತವೆ. ಒಂದೇ ಬಣ್ಣದ 4 ಅಥವಾ ಹೆಚ್ಚು ಪುಯೊಗಳು ಮೇಲೆ ಕೆಳಗೆ ಇಲ್ಲವೇ ಅಕ್ಕಪಕ್ಕ ತಾಗಿದರೆ ಒಡೆಯುತ್ತವೆ. ಮೂಲೆಗೆ ಮೂಲೆ ತಾಗಿದ್ದು ಲೆಕ್ಕಕ್ಕಿಲ್ಲ. ಒಡೆದವುಗಳ ಮೇಲಿದ್ದವು ಕೆಳಗಿಳಿದು ಮತ್ತೆ 4 ಸೇರಿದರೆ ಅದು ಚೈನ್. ನಿಮ್ಮ ಅಂಕ ಎದುರಾಳಿಯ ಬೋರ್ಡಿನಲ್ಲಿ ಬಣ್ಣವಿಲ್ಲದ ಕಸದ ಪುಯೊಗಳಾಗಿ ಸುರಿಯುತ್ತದೆ. ಬೇರೆ ಹೇಳದಿದ್ದರೆ, ಇಲ್ಲಿನ ಉತ್ತರಗಳೆಲ್ಲ 1994ರ 'ಪುಯೊ ಪುಯೊ ತ್ಸು' ನಿಯಮದವು. ಇವತ್ತಿಗೂ ಗಂಭೀರ ಪಂದ್ಯಗಳು ನಡೆಯುವುದು ಅದರಲ್ಲೇ.

ಪ್ರ: ನನ್ನ ಬೋರ್ಡ್ ಯಾವಾಗಲೂ ಖಾಲಿಯಾಗಿರುತ್ತದೆ. ನಾಲ್ಕು ಸೇರಿದ ಕೂಡಲೇ ಒಡೆದುಬಿಡುತ್ತೇನೆ. ಆದರೂ ಕಂಪ್ಯೂಟರ್ ಎದುರು ಸೋಲುತ್ತೇನೆ. ಏಕೆ? (ದಾವಣಗೆರೆ)

ಉ: ನೀವು ಸೋಲುತ್ತಿರುವುದೇ ಆ ಖಾಲಿ ಬೋರ್ಡಿನಿಂದ. ಅಂಕದ ಲೆಕ್ಕ ನೋಡಿದರೆ ತಿಳಿಯುತ್ತದೆ. ಒಡೆದ ಪುಯೊಗಳ ಸಂಖ್ಯೆಯನ್ನು 10ರಿಂದ ಗುಣಿಸಿ, ಬಂದದ್ದನ್ನು ಚೈನಿನ ಹಂತಕ್ಕೆ ತಕ್ಕ ಗುಣಕದಿಂದ ಮತ್ತೆ ಗುಣಿಸಬೇಕು. ಮೊದಲ ಹಂತದ ಗುಣಕ ಬರೀ 1. ಎರಡನೆಯದಕ್ಕೆ 8, ಮೂರನೆಯದಕ್ಕೆ 16, ನಾಲ್ಕನೆಯದಕ್ಕೆ 32, ಐದನೆಯದಕ್ಕೆ 64, ಆರನೆಯದಕ್ಕೆ 96. ಪ್ರತಿ 70 ಅಂಕಕ್ಕೆ ಎದುರಾಳಿಗೆ ಒಂದು ಕಸ.

ಈಗ 20 ಪುಯೊಗಳನ್ನು ಎರಡು ರೀತಿಯಲ್ಲಿ ಒಡೆಯೋಣ. ನಾಲ್ಕು ನಾಲ್ಕರಂತೆ ಐದು ಸಲ ಬಿಡಿಬಿಡಿಯಾಗಿ ಒಡೆದರೆ ಒಂದೊಂದು ಸಲಕ್ಕೆ 40, ಒಟ್ಟು 200 ಅಂಕ. ಎದುರಾಳಿಗೆ ಹೋಗುವುದು 2 ಕಸ. ಅದೇ 20 ಪುಯೊಗಳನ್ನು 5 ಹಂತದ ಒಂದು ಚೈನಾಗಿ ಒಡೆದರೆ 40, 320, 640, 1280, 2560 ಸೇರಿ 4840 ಅಂಕ, ಅಂದರೆ 69 ಕಸ. ಇಡೀ ಬೋರ್ಡಿನಲ್ಲಿ ಕಾಣುವ ಮನೆಗಳೇ 72. ಎದುರಾಳಿಯ ಕೈಯಲ್ಲಿ ಉತ್ತರವಿಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯಿತು.

ಒಂದೇ ಗುಂಪನ್ನು ದೊಡ್ಡದು ಮಾಡುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. 4ರ ಬದಲು 5 ಪುಯೊ ಒಟ್ಟಿಗೆ ಒಡೆದರೆ ಗುಣಕಕ್ಕೆ ಸೇರುವುದು ಬರೀ 2. ಆ ಐದನೆಯ ಪುಯೊವನ್ನು ಮುಂದಿನ ಹಂತಕ್ಕೆ ಇಟ್ಟುಕೊಳ್ಳುವುದೇ ಲಾಭ.

ಪ್ರ: ಚೈನ್ ಕಟ್ಟಬೇಕು ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಎಂದು ಯಾರೂ ಹೇಳುವುದಿಲ್ಲ. ನನ್ನದು ಆಕಸ್ಮಿಕವಾಗಿ 2 ಹಂತ ಹೋದರೆ ಹೆಚ್ಚು. ಒಂದು ಖಚಿತ ವಿಧಾನ ತಿಳಿಸಿ. (ಶಿವಮೊಗ್ಗ)

ಉ: ಮೆಟ್ಟಿಲು ವಿಧಾನದಿಂದ ಆರಂಭಿಸಿ. ಕಾಲಮ್‌ಗಳಿಗೆ ಎಡದಿಂದ 1ರಿಂದ 6ರವರೆಗೆ ಸಂಖ್ಯೆ ಕೊಡೋಣ. 1ರಲ್ಲಿ 3 ಕೆಂಪು. 2ರಲ್ಲಿ 3 ಹಸಿರು, ಅದರ ಮೇಲೆ 1 ನೀಲಿ. 3ರಲ್ಲಿ 3 ನೀಲಿ, ಮೇಲೆ 1 ಹಳದಿ. 4ರಲ್ಲಿ 3 ಹಳದಿ. ಇಷ್ಟಕ್ಕೆ 14 ಪುಯೊ, 7 ಜೋಡಿ ಸಾಕು. ಈಗ ಕೆಂಪು ಹಸಿರಿನ ಜೋಡಿಯೊಂದು ಬಂದಾಗ ಕೆಂಪು ಕೆಳಗೆ, ಹಸಿರು ಮೇಲೆ ಇರುವಂತೆ ನಿಲ್ಲಿಸಿ 1ನೇ ಕಾಲಮಿನಲ್ಲಿ ಬಿಡಿ. ನಾಲ್ಕು ಕೆಂಪು ಒಡೆಯುತ್ತವೆ. ಮೇಲಿದ್ದ ಹಸಿರು ತಳಕ್ಕೆ ಬಿದ್ದು ಪಕ್ಕದ ಮೂರು ಹಸಿರಿಗೆ ತಾಗುತ್ತದೆ, ಅವು ಒಡೆಯುತ್ತವೆ. 2ರ ಮೇಲಿದ್ದ ನೀಲಿ ತಳಕ್ಕೆ ಬಿದ್ದು 3ರ ನೀಲಿಗಳಿಗೆ ತಾಗುತ್ತದೆ. ಆಮೇಲೆ ಹಳದಿ. 4 ಹಂತ, 2280 ಅಂಕ, 32 ಕಸ.

ಐದನೆಯ ಹಂತ ಬೇಕಾದರೆ 4ರ ಮೂರು ಹಳದಿಯ ಮೇಲೆ 1 ಕೆಂಪು ಇಟ್ಟು, 5ರಲ್ಲಿ 3 ಕೆಂಪು ನಿಲ್ಲಿಸಿ. ಆರನೆಯದಕ್ಕೆ ಅದರ ಮೇಲೆ 1 ಹಸಿರು, 6ರಲ್ಲಿ 3 ಹಸಿರು. ಆಗ 8680 ಅಂಕ, 124 ಕಸ.

ಕಟ್ಟುವ ಕ್ರಮ ಮುಖ್ಯ. ಯಾವ ಕಾಲಮಿಗೆ ಯಾವ ಬಣ್ಣ ಎಂದು ಮೊದಲೇ ನಿರ್ಧರಿಸಿಕೊಂಡು ಕೂರಬೇಡಿ. ಕೈಯಲ್ಲಿರುವ ಜೋಡಿ, ಪಕ್ಕದಲ್ಲಿ ಕಾಣುವ ಮುಂದಿನ ಎರಡು ಜೋಡಿ, ಈ ಮೂರನ್ನೂ ನೋಡಿ ನಿರ್ಧರಿಸಿ. ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ಬರುವುದು ನಾಲ್ಕೇ ಬಣ್ಣ. ಕೆಂಪು ಹಸಿರಿನ ಜೋಡಿಯೇ ಮೂರು ಸಲ ಬಂದರೆ ಅಡ್ಡಡ್ಡ ಒಂದರ ಮೇಲೊಂದು ಇಟ್ಟರಾಯಿತು, ಎರಡು ಕಾಲಮ್ ಒಟ್ಟಿಗೆ ಸಿದ್ಧ. 2 ಮತ್ತು 3ರ ಮೇಲೆ ಕೂರಬೇಕಾದ ನೀಲಿ, ಹಳದಿಗಳೂ ಒಂದೇ ಅಡ್ಡ ಜೋಡಿಯಲ್ಲಿ ಬಂದು ಕೂರುತ್ತವೆ. ಎಲ್ಲಿಯೂ ಹೊಂದದ ಜೋಡಿ ಬಂದರೆ ಬಲದಂಚಿಗೆ, 6ನೇ ಕಾಲಮಿಗೆ ತಳ್ಳಿ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, ಚೈನ್ ಹೊತ್ತಿಸುವ ಜೋಡಿ ತಲೆಕೆಳಗಾಗುವುದು. ಹಸಿರು ಕೆಳಗಾದರೆ ಅದು ಮೂರು ಕೆಂಪಿನ ಮೇಲೆ ಮುಚ್ಚಳದಂತೆ ಕೂರುತ್ತದೆ, ಇನ್ನು ಯಾವ ಕೆಂಪೂ ಒಳಗೆ ತಲುಪದು. ಎರಡನೆಯದು, ಅವಸರಪಟ್ಟು ಕೆಂಪಿನ ಜೊತೆ ಬೇರೆ ಬಣ್ಣವನ್ನು ಬಿಡುವುದು. ಕೆಂಪೇನೋ ಒಡೆಯುತ್ತದೆ, ಆದರೆ ತಳಕ್ಕೆ ಬಿದ್ದದ್ದು ಹಸಿರಲ್ಲದ ಕಾರಣ ಚೈನ್ ಮೊದಲ ಹಂತಕ್ಕೇ ನಿಲ್ಲುತ್ತದೆ. ಮೂರನೆಯದು, 3ರ ಮೇಲಿನ ಹಳದಿಯ ಪಕ್ಕಕ್ಕೆ, ಅಂದರೆ 4ರ ತುದಿಗೆ ಇನ್ನೊಂದು ಹಳದಿ ಇಡುವುದು. ಹಳದಿಗಳೆಲ್ಲ ಸೇರಿ ಆಗಲೇ ಒಡೆದು ಹೋಗುತ್ತವೆ. ಪ್ರತಿ ಸಲ ಇಡುವ ಮೊದಲು ನಾಲ್ಕನೇ ಸಾಲಿನ ಅಕ್ಕಪಕ್ಕ ಒಮ್ಮೆ ಕಣ್ಣು ಹಾಯಿಸಿ.

ಎದುರಾಳಿಯಿಲ್ಲದೆ ಅಭ್ಯಾಸ ಮಾಡಲು 'ಪುಯೊ ಪುಯೊ ಟೆಟ್ರಿಸ್'ನ ಚಾಲೆಂಜ್ ವಿಭಾಗದಲ್ಲಿ ಎಂಡ್‌ಲೆಸ್ ಪುಯೊ ಇದೆ. 5 ಹಂತ ತಡವರಿಸದೆ ಬರುವವರೆಗೆ ವೇಗದ ಯೋಚನೆಯೇ ಬೇಡ. ಮೆಟ್ಟಿಲು 6 ಕಾಲಮಿಗೆ ಮುಗಿಯುತ್ತದೆ. ಅದಕ್ಕಿಂತ ಉದ್ದದ ಚೈನಿಗೆ ಅದನ್ನು ಅಂಚಿನಲ್ಲಿ ಮಡಚಿ, ಕೆಳಗಿನ ಹಂತಗಳ ಮೇಲೆಯೇ ಹಿಂದಕ್ಕೆ ತರಬೇಕು. ಅದನ್ನು ಇನ್ನೊಂದು ಸಂಚಿಕೆಯಲ್ಲಿ ಬಿಡಿಸಿ ಹೇಳುತ್ತೇವೆ.

ಪ್ರ: ಬೋರ್ಡಿನಲ್ಲಿ ಅರ್ಧಕ್ಕರ್ಧ ಜಾಗವಿದ್ದಾಗಲೇ 'ಸೋತಿರಿ' ಎಂದು ಬರುತ್ತದೆ. ದೋಷವೇ? (ಹುಬ್ಬಳ್ಳಿ)

ಉ: ದೋಷವಲ್ಲ. 3ನೇ ಕಾಲಮಿನ 12ನೇ ಸಾಲಿನಲ್ಲಿ ಒಂದು ಗುಣಿಸು ಗುರುತು ಕಾಣುತ್ತದೆ. ಹೊಸ ಜೋಡಿ ಬೋರ್ಡಿಗೆ ಬರುವ ಬಾಗಿಲು ಆ 3ನೇ ಕಾಲಮ್. ಆ ಒಂದು ಮನೆ ತುಂಬಿದರೆ ಸೋಲು, ಉಳಿದ ಐದೂ ಕಾಲಮ್ ಖಾಲಿ ಇದ್ದರೂ ಸರಿಯೇ. ಬೇರೆ ಕಾಲಮ್ ತುದಿ ಮುಟ್ಟಿದರೆ ಸೋಲಲ್ಲ. ಹಾಗಾಗಿ ಎರಡೂ ಅಂಚುಗಳನ್ನು ಎತ್ತರಿಸಿ, ನಡುವನ್ನು ತಗ್ಗಿನಲ್ಲಿಡಿ. ಎಡಕ್ಕೆ ಎರಡೇ ಕಾಲಮ್ ಉಳಿಯುವುದರಿಂದ 2ನೇ ಕಾಲಮ್ ತುಂಬ ಎತ್ತರವಾದರೆ 1ಕ್ಕೆ ಜೋಡಿ ದಾಟಿಸುವುದೇ ಕಷ್ಟವಾಗುತ್ತದೆ.

12ರ ಮೇಲೆ ಕಾಣದ 13ನೇ ಸಾಲೊಂದಿದೆ. ಅಲ್ಲಿ ಪುಯೊ ಇರಬಹುದು, ಆದರೆ ಬಣ್ಣ ಸೇರಿಸುವಾಗ ಅದನ್ನು ಎಣಿಸುವುದಿಲ್ಲ. "ನಾಲ್ಕು ಸೇರಿದರೂ ಒಡೆಯಲಿಲ್ಲ" ಎಂಬ ದೂರು ಬಹುತೇಕ ಇದರದ್ದೇ. ಅದಕ್ಕೂ ಮೇಲೆ ಹೋದ ಪುಯೊ ಮಾಯವಾಗುತ್ತದೆ.

ಎರಡು ಎತ್ತರದ ಗೋಡೆಗಳ ನಡುವೆ ಒಂದೇ ಕಾಲಮ್ ಅಗಲದ ಕಿಂಡಿಯಲ್ಲಿ ಜೋಡಿ ತಿರುಗದೆ ಸಿಕ್ಕಿಕೊಂಡರೆ, ತಿರುಗಿಸುವ ಬಟನ್ನನ್ನು ಬೇಗಬೇಗ ಎರಡು ಸಲ ಒತ್ತಿ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ.

ಪ್ರ: 6 ಹಂತದ ಚೈನ್ ಕಟ್ಟುವಷ್ಟು ಬಂದಿದೆ. ಆದರೆ ಅದನ್ನು ಹೊತ್ತಿಸುವ ಮೊದಲೇ ಗೆಳೆಯ ಸಣ್ಣ ಹೊಡೆತ ಕೊಟ್ಟು ಎಲ್ಲ ಮುಚ್ಚಿಬಿಡುತ್ತಾನೆ. (ಮೈಸೂರು)

ಉ: ನಿಮ್ಮ ಗೆಳೆಯ ಆಟ ಬಲ್ಲವನು. ಎರಡನೇ ಹಂತದಲ್ಲಿ ಎರಡು ಬಣ್ಣ ಒಟ್ಟಿಗೆ ಒಡೆಯುವ 2 ಹಂತದ ಚೈನ್ ಲೆಕ್ಕ ಹಾಕಿ: ಮೊದಲು 40, ಆಮೇಲೆ 8 ಪುಯೊಗಳ 80ಕ್ಕೆ ಗುಣಕ 8, ಜೊತೆಗೆ ಎರಡು ಬಣ್ಣದ ಲಾಭ 3, ಸೇರಿ 11, ಅಂದರೆ 880. ಒಟ್ಟು 920 ಅಂಕ, 13 ಕಸ. ಎರಡು ಸಾಲು ತುಂಬಿ ಒಂದು ಹೆಚ್ಚು. ಕೆಲವೇ ಜೋಡಿಗಳಲ್ಲಿ ತಯಾರಾಗುವ ಇದು ನಿಮ್ಮ 1ನೇ ಕಾಲಮಿನ ಮೇಲೆ ಎರಡು ಕಸ ಕೂರಿಸಿದರೆ ಸಾಕು, ಮೆಟ್ಟಿಲಿಗೆ ಬೀಗ ಬಿದ್ದಂತೆ.

ತ್ಸು ನಿಯಮದಲ್ಲಿ ಇದಕ್ಕೆ ಉತ್ತರ ಅಡಗಿದೆ. ನಿಮ್ಮ ಬೋರ್ಡಿನ ತಲೆಯ ಮೇಲೆ ಬರಲಿರುವ ಕಸದ ಗುರುತು ಮೂಡುತ್ತದೆ: ಸಣ್ಣದು 1, ದೊಡ್ಡದು 6, ಕೆಂಪು ಬಂಡೆ 30. ಎದುರಾಳಿಯ ಚೈನ್ ಮುಗಿದ ಮೇಲೆ, ನೀವು ಏನನ್ನೂ ಒಡೆಯದೆ ಒಂದು ಜೋಡಿ ಇಟ್ಟಾಗ ಅದು ಬೀಳುತ್ತದೆ. ಅಷ್ಟರೊಳಗೆ ನೀವು ಒಡೆದರೆ ನಿಮ್ಮ ಅಂಕ ಮೊದಲು ಆ ಕಸವನ್ನು ವಜಾ ಮಾಡುತ್ತದೆ, ಹೆಚ್ಚಾದದ್ದು ಎದುರಾಳಿಗೆ ಹೋಗುತ್ತದೆ. ಒಂದು ಸಲಕ್ಕೆ ಬೀಳುವುದೂ 30ಕ್ಕಿಂತ ಹೆಚ್ಚಿಲ್ಲ, ಅಂದರೆ 5 ಸಾಲು.

ಆದ್ದರಿಂದ ಕಣ್ಣು ಎದುರಿನ ಬೋರ್ಡಿನ ಮೇಲೂ ಇರಲಿ. ಅವನು ಚೈನ್ ಹೊತ್ತಿಸಿದ ಕ್ಷಣದಿಂದ ಅದು ಮುಗಿಯುವವರೆಗೆ ಅವನಿಗೆ ಹೊಸ ಜೋಡಿ ಬರುವುದಿಲ್ಲ, ನಿಮಗೆ ಬರುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಚೈನಿಗೆ ಒಂದೆರಡು ಹಂತ ಸೇರಿಸಿ, ಅವನದು ಮುಗಿಯುವ ಹೊತ್ತಿಗೆ ಹೊತ್ತಿಸಿ. ದೊಡ್ಡ ಚೈನ್‌ಗಳಲ್ಲಿ ಎರಡನೆಯದಾಗಿ ಹೊಡೆಯುವವನಿಗೇ ಅನುಕೂಲ ಎನ್ನುವುದು ಇದಕ್ಕೇ. ಬರುವ ಹೊಡೆತ ಒಂದು ಸಾಲಿನಷ್ಟಿದ್ದರೆ ಬೀಳಲಿ ಬಿಡಿ. ಪಕ್ಕದ ಪುಯೊ ಒಡೆದಾಗ ಕಸವೂ ಜೊತೆಗೆ ಅಳಿಸಿಹೋಗುತ್ತದೆ. ಎರಡು ಸಾಲು ಬರುವಂತಿದ್ದರೆ ತಡೆಯಲೇಬೇಕು. ಅದಕ್ಕಾಗಿ ಮುಖ್ಯ ಚೈನಿಗೆ ತಾಗದಂತೆ ಬಲಗಡೆ 2 ಹಂತದ ಪುಟ್ಟ ಚೈನೊಂದನ್ನು ಕಟ್ಟಿಟ್ಟುಕೊಳ್ಳಿ. ಹಾಗಾಗಿ ಮೆಟ್ಟಿಲಿಗೆ 6 ಕಾಲಮನ್ನೂ ಕೊಡಬೇಡಿ, 4 ಸಾಕು.

ಪಂದ್ಯ ಎಳೆಯುತ್ತಾ ಹೋದರೆ ಇನ್ನೊಂದು ಬದಲಾವಣೆ ಇದೆ. 96 ಸೆಕೆಂಡ್ ದಾಟಿದ ಮೇಲೆ ಒಂದು ಕಸಕ್ಕೆ ಬೇಕಾದ 70 ಅಂಕ ಹಂತಹಂತವಾಗಿ ಇಳಿಯುತ್ತದೆ. ಆಗ ಸಣ್ಣ ಚೈನೂ ಭಾರಿ ಹೊಡೆತವೇ. ಕಾದು ಕಾದು ಕಟ್ಟುವ ಅಭ್ಯಾಸವಿದ್ದವರು ಸೋಲುವುದು ಇಲ್ಲಿ.

ಪ್ರ: ಹಳೆಯ ಸೇಗಾ ಮೆಗಾ ಡ್ರೈವ್‌ನಲ್ಲಿ ಸೋನಿಕ್ ಕಥೆಯ ಖಳನಾಯಕ ಬರುವ ಇಂಥದೇ ಬೀನ್ ಆಟವಿತ್ತು. ಯಾವುದು ಯಾವುದರ ನಕಲು? (ಬೆಂಗಳೂರು)

ಉ: ನಕಲಲ್ಲ, ಅದೇ ಆಟಕ್ಕೆ ಬೇರೆ ವೇಷ. ಮೂಲವಿರುವುದು ಜಪಾನಿನ ಹಿರೋಶಿಮಾದ ಕಂಪೈಲ್ ಸಂಸ್ಥೆಯ 'ಮಾದೋ ಮೊನೊಗಾತಾರಿ' ಸರಣಿಯಲ್ಲಿ. ಅದು ನೆಲಮಾಳಿಗೆಗಳಲ್ಲಿ ಅಲೆದು ಮಂತ್ರ ಹಾಕಿ ಕಾದಾಡುವ ಪಾತ್ರಾಭಿನಯದ ಆಟ. ನಾಯಕಿ ಆರ್ಲೆ, ಅವಳ ಹಳದಿ ಜೊತೆಗಾರ ಕಾರ್ಬಂಕಲ್. ಪುಯೊ ಅಲ್ಲಿ ಎದುರಾಗುವ ದುರ್ಬಲ, ಲೋಳೆಯಂಥ ಶತ್ರು. ಆ ಪಾತ್ರಗಳನ್ನೇ ತೆಗೆದುಕೊಂಡು 1991ರಲ್ಲಿ ಪುಯೊ ಪುಯೊ ಮಾಡಿದರು. 1992ರಲ್ಲಿ ಸೇಗಾ ಮೂಲಕ ಆರ್ಕೇಡ್‌ಗೆ ಬಂದ ಮೇಲೆ ಅದು ತಾಯಿಬೇರನ್ನೇ ಮೀರಿ ಬೆಳೆಯಿತು. 1998ರಲ್ಲಿ ಹಕ್ಕು ಸೇಗಾ ಕೈಸೇರಿತು.

ಆರ್ಲೆಯ ಪರಿಚಯವಿಲ್ಲದ ಪಾಶ್ಚಾತ್ಯ ಮಾರುಕಟ್ಟೆಗೆ 1993ರಲ್ಲಿ ಪಾತ್ರ ಬದಲಿಸಿ ಕೊಟ್ಟದ್ದು ನೀವು ಹೇಳುವ 'ಡಾಕ್ಟರ್ ರೊಬಾಟ್ನಿಕ್ಸ್ ಮೀನ್ ಬೀನ್ ಮಷೀನ್'. 1995ರ 'ಕರ್ಬೀಸ್ ಅವಲಾಂಚ್' ಕೂಡ ಹೀಗೆಯೇ ಹುಟ್ಟಿದ್ದು. ಇವೆರಡೂ ಮೊದಲ ಆಟದ ನಿಯಮದವು, ಕಸವನ್ನು ವಜಾ ಮಾಡುವ ಅವಕಾಶವಿಲ್ಲ. ಅಲ್ಲಿ ಮೊದಲು ಹೊಡೆದವನದೇ ಮೇಲುಗೈ. ಆ ರೂಢಿಯನ್ನು ಈಗಿನ ಆಟಕ್ಕೆ ತಂದರೆ ನಷ್ಟವಾಗುತ್ತದೆ.

ಪ್ರ: ಎಂಟು ವರ್ಷದ ಮಗಳು ನನ್ನ ಜೊತೆ ಆಡಬೇಕೆನ್ನುತ್ತಾಳೆ. ಅವಳು ಸೋತು ಬೇಸರ ಮಾಡಿಕೊಳ್ಳದಂತೆ ಏನು ಮಾಡಲಿ? ಯಾವ ಆಟ ಕೊಳ್ಳಲಿ? (ಮಂಗಳೂರು)

ಉ: ಇಬ್ಬರು ಆಡುವಾಗ ಪ್ರತಿಯೊಬ್ಬರಿಗೂ ಪ್ರತ್ಯೇಕ ಮಟ್ಟ ಆಯ್ದುಕೊಳ್ಳಬಹುದು. ಅವುಗಳಿಗೆ ಜಪಾನಿನ ಕರಿ ಪೊಟ್ಟಣಗಳ ಮೇಲಿನಂತೆ ಸಿಹಿಯಿಂದ ಖಾರದವರೆಗೆ ಹೆಸರಿದೆ. ಸಿಹಿ ಆಯ್ದವರಿಗೆ ಬರುವ ಬಣ್ಣಗಳು ಕಡಿಮೆ, ಖಾರ ಆಯ್ದವರಿಗೆ ಹೆಚ್ಚು. ಮಗಳಿಗೆ ಸಿಹಿ, ನಿಮಗೆ ಖಾರ. ಬಣ್ಣ ಕಡಿಮೆಯಿದ್ದಾಗ ಚೈನ್ ತಾನಾಗಿಯೇ ಆಗಿಬಿಡುತ್ತದೆ, ಮಕ್ಕಳಿಗೆ ಆ ಖುಷಿ ಮೊದಲು ಸಿಗಬೇಕು.

ಕೊಳ್ಳಲು 'ಪುಯೊ ಪುಯೊ ಚಾಂಪಿಯನ್ಸ್' ಸಾಕು. 2019ರಲ್ಲಿ ಜಪಾನಿನ ಹೊರಗೆ ಬಂದದ್ದು. ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಸ್ಟೀಮ್ ಎಲ್ಲದರಲ್ಲೂ ಇದೆ. ಕಥೆಯೂ ಬೇಕೆಂದರೆ 'ಪುಯೊ ಪುಯೊ ಟೆಟ್ರಿಸ್ 2'.

ಪ್ರ: ಚಾಂಪಿಯನ್ಸ್‌ನಲ್ಲಿ ಫೀವರ್ ಎಂಬ ಇನ್ನೊಂದು ನಿಯಮವಿದೆ. ತ್ಸುವಿಗೂ ಅದಕ್ಕೂ ಏನು ವ್ಯತ್ಯಾಸ? (ಪುಣೆ)

ಉ: ಅದು 2003ರ ನಿಯಮ. ಜೋಡಿಗಳ ನಡುವೆ ಮೂರು, ನಾಲ್ಕು ಪುಯೊಗಳ ತುಂಡುಗಳೂ ಬೀಳುತ್ತವೆ. ಸೋಲಿನ ಗುರುತು ಎರಡು, 3 ಮತ್ತು 4ನೇ ಕಾಲಮ್‌ಗಳಲ್ಲಿ. ಬರುವ ಕಸವನ್ನು ವಜಾ ಮಾಡಿದಾಗೆಲ್ಲ ಒಂದು ಮಾಪಕ ಏರುತ್ತದೆ. ಅದರ 7 ಮನೆ ತುಂಬಿದರೆ ನಿಮ್ಮ ಬೋರ್ಡ್ ಪಕ್ಕಕ್ಕೆ ಸರಿದು, ಮೊದಲೇ ಕಟ್ಟಿದ ಚೈನ್‌ಗಳು ಒಂದೊಂದಾಗಿ ಎದುರಿಗೆ ಬರುತ್ತವೆ. ಎಲ್ಲಿ ಹೊತ್ತಿಸಬೇಕೆಂದು ಹುಡುಕುವುದಷ್ಟೇ ನಿಮ್ಮ ಕೆಲಸ. ಮೆಟ್ಟಿಲು ಕಲಿಯುವವರು ಬಿಡುವಿನಲ್ಲಿ ಇದನ್ನೂ ಆಡಿ, ಹೊತ್ತಿಸುವ ಜಾಗ ಗುರುತಿಸಲು ಕಣ್ಣು ಬೇಗ ಪಳಗುತ್ತದೆ.