ಕಡಿಮೆ ಬಗ್ ಹಿಡಿದವಳನ್ನು ಬಿಡಿಸಬೇಕೇ?

ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರ್‌ನಲ್ಲಿನ ದೋಷ (ಬಗ್) ಹಿಡಿಯುವ ಕೆಲಸದ ಬಗ್ಗೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಮೊದಲು ಚಿಲ್ಲರೆಯವನ್ನು ಮುಗಿಸುತ್ತೇನೆ. ದೊಡ್ಡ ಪ್ರಶ್ನೆಯೊಂದು ವರ್ಷದಿಂದ ಬೇರೆ ಬೇರೆ ಅಂಗಿ ತೊಟ್ಟು ಬರುತ್ತಲೇ ಇದೆ, ಅದಕ್ಕೆ ಜಾಗ ಬೇಕು. ಟೆಸ್ಟ್ ಕೇಸ್ ಎಂದರೇನು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ಬೀದರ್‌ನಿಂದ: ಎರಡು ದಿನದ ಸಿಕ್ಸ್ ಸಿಗ್ಮಾ ಕೋರ್ಸ್, ಕೊನೆಗೆ ಬ್ಲ್ಯಾಕ್ ಬೆಲ್ಟ್ ಕೊಡುತ್ತಾರಂತೆ. ಸೇರಲೇ?

ಎರಡು ದಿನದಲ್ಲಿ ಕರಾಟೆಯವರು ಹಳದಿ ಬೆಲ್ಟೂ ಕೊಡುವುದಿಲ್ಲ. ಸಿಕ್ಸ್ ಸಿಗ್ಮಾ ಎಂದರೆ ದೋಷ ಕಡಿಮೆ ಮಾಡುವ ಒಂದು ಪದ್ಧತಿ, ಬ್ಲ್ಯಾಕ್ ಬೆಲ್ಟ್ ಅದರಲ್ಲಿ ಮೇಲಿನ ದರ್ಜೆ. ಅದರ ಹತ್ತು ಲಕ್ಷಕ್ಕೆ 3.4 ದೋಷ ಎಂಬ ಲೆಕ್ಕ ಒಂದೇ ತರಹದ ಮಾಲನ್ನು ಲಕ್ಷಗಟ್ಟಲೆ ತೆಗೆಯುವ ಕಾರ್ಖಾನೆಯಲ್ಲಿ ಹುಟ್ಟಿದ್ದು. ನೀವು ತಿಂಗಳಿಗೆ ಎರಡು ಸಲ ಗಿರಾಕಿಗೆ ಬಿಡುವ ಹೊಸ ಆವೃತ್ತಿಗೆ (ರಿಲೀಸ್‌ಗೆ) ಅದನ್ನು ಹಚ್ಚುವವರು ನಿಮ್ಮ ಜೇಬಿಗೆ ಕೈ ಹಾಕಿದ್ದಾರೆ, ಅಷ್ಟೆ.

ಯಾದಗಿರಿಯಿಂದ: ಐಎಸ್‌ಒ 9001 ಸಿಕ್ಕರೆ ಸಾಫ್ಟ್‌ವೇರ್‌ನಲ್ಲಿ ಬಗ್ ಇಲ್ಲವೆಂದು ಗಿರಾಕಿಗೆ ಹೇಳಬಹುದೇ?

ಇಲ್ಲ. ಅದು ನೀವು ಕೆಲಸ ಮಾಡುವ ಪದ್ಧತಿಗೆ ಕೊಡುವ ಕಾಗದ, ಮಾಲಿಗಲ್ಲ.

ಸೇಡಂನಿಂದ: ಆಟೊಮೇಷನ್ (ಟೆಸ್ಟನ್ನು ಪ್ರೋಗ್ರಾಂ ತಾನೇ ಓಡಿಸುವುದು) ಬಂದ ಮೇಲೆ ಟೆಸ್ಟರ್ ಬೇಕೇ?

ಬೇಕು.

ಕಲಬುರಗಿಯಿಂದ, ಹೆಸರು ಬೇಡ ಎಂದವರು: ದಾಲ್ ಮಿಲ್, ಅಡತ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ನಮ್ಮದು. ನಾನು ಟೆಸ್ಟಿಂಗ್ ಲೀಡ್, ಕೈಕೆಳಗೆ ಆರು ಜನ. ಕಳೆದ ತಿಂಗಳು ಅವರು ಹಿಡಿದ ಬಗ್: 17, 14, 11, 9, 9, 6. ಮಾಲೀಕರು 17ರವನಿಗೆ ಇನ್ಸೆಂಟಿವ್ ಕೊಡಿ, 6ರವಳನ್ನು ಬಿಡಿಸಿ ಅನ್ನುತ್ತಿದ್ದಾರೆ. ಆಕೆ ಅರ್ಧ ದಿನ ಡೆವಲಪರ್‌ಗಳ ಹತ್ತಿರ ಕೂತು ಮಾತಾಡುತ್ತಾಳೆ ಎನ್ನುವುದೂ ನಿಜ. ಏನು ಮಾಡಲಿ?

ಬಿಡಿಸಬೇಡಿ. ಇನ್ಸೆಂಟಿವ್ ಕೂಡ ಕೊಡಬೇಡಿ.

ಮೊದಲು ಲೆಕ್ಕ ನೋಡಿ. ಒಟ್ಟು 66 ಬಗ್, ಆರು ಜನ, ಸರಾಸರಿ 11. ಇಂಥ ಎಣಿಕೆ ಬರಿ ಅದೃಷ್ಟದಿಂದಲೇ ಸರಾಸರಿಯ ವರ್ಗಮೂಲದ ಮೂರು ಪಟ್ಟಿನವರೆಗೆ ಅತ್ತಿತ್ತ ಆಗುತ್ತದೆ. ಹನ್ನೊಂದರ ವರ್ಗಮೂಲ ಸುಮಾರು 3.3, ಅದರ ಮೂರು ಪಟ್ಟು ಹತ್ತಿರ ಹತ್ತಿರ 10. ಅಂದರೆ ಎಲ್ಲರೂ ಒಂದೇ ತರಹದವರು, ಎಲ್ಲರಿಗೂ ಒಂದೇ ತರಹದ ಕೆಲಸ ಎಂದಿಟ್ಟುಕೊಂಡರೂ ಒಬ್ಬರಿಗೆ 1 ಬರಬಹುದು, ಇನ್ನೊಬ್ಬರಿಗೆ 21 ಬರಬಹುದು. ನಿಮ್ಮ ಆರೂ ಜನ ಆ ಬೇಲಿಯೊಳಗೇ ಇದ್ದಾರೆ. ಈ ಬೇಲಿ ಹಾಕುವ ವಿದ್ಯೆಯನ್ನು ಅಮೆರಿಕದ ಟೆಲಿಫೋನ್ ಉಪಕರಣ ಕಾರ್ಖಾನೆಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲೇ ಹೇಳಿಕೊಟ್ಟ. ನೂರು ವರ್ಷವಾಯಿತು, ನಮ್ಮ ಅಪ್ರೈಸಲ್ ಫಾರಂಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅದೂ ಕೆಲಸ ಒಂದೇ ಇದ್ದಾಗಿನ ಮಾತು. 17ರವನಿಗೆ ಹೊಸದಾಗಿ ಬರೆದ ಜಿಎಸ್‌ಟಿ ಭಾಗ ಕೊಟ್ಟು, 9ರವನಿಗೆ ಐದು ವರ್ಷ ಹಳೆಯ ರಿಪೋರ್ಟ್ ಕೊಟ್ಟಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಯಾರಿಗೆ ಯಾವ ಭಾಗ ಎಂದು ಹಂಚಿದವರು ಯಾರು? ನೀವೇ ಅಲ್ಲವೇ?

ಡೆಮಿಂಗ್ ಎಂಬ ಗುಣಮಟ್ಟ ಶಾಸ್ತ್ರದ ಹಿರಿಯ ಇದನ್ನು ಮಣಿಗಳಲ್ಲಿ ಆಡಿ ತೋರಿಸುತ್ತಿದ್ದ. ನಾನು ಇಲ್ಲಿನ ಎಂಜಿನಿಯರಿಂಗ್ ಹುಡುಗರಿಗೆ ತೊಗರಿಯಲ್ಲಿ ತೋರಿಸಿದೆ. ಬಿಳಿ ತೊಗರಿ 3200, ಕೆಂಪು ತೊಗರಿ 800, ಕಲಸಿ ಡಬ್ಬಿಗೆ ಹಾಕಿದೆ. (ಎಣಿಸುವಷ್ಟರಲ್ಲಿ ಮನೆಯವರ ಕೈಲಿ ಬೈಸಿಕೊಂಡದ್ದು ಬೇರೆ ಕತೆ.) ಬಡಿಗರ ಹತ್ತಿರ ಹಲಿಗೆಯೊಂದಕ್ಕೆ 50 ಕುಳಿ ಕೊರೆಸಿದ್ದೆ. ಡಬ್ಬಿಯಲ್ಲಿ ಮುಳುಗಿಸಿ ಎತ್ತಿದರೆ ಕುಳಿಗೊಂದು ಕಾಳು. ಕೆಂಪು ಬಂದರೆ ದೋಷ, ಬರಿ ಬಿಳಿಯನ್ನೇ ತೆಗೆಯಬೇಕು ಎಂದು ಗದರಿದೆ. ಒಬ್ಬ ಹುಡುಗಿಗೆ ಐದೇ ಕೆಂಪು, ಚಪ್ಪಾಳೆ ಹೊಡೆಸಿದೆ. ಮುಂದಿನ ಸುತ್ತಿನಲ್ಲಿ ಅವಳಿಗೇ ಹದಿಮೂರು. ಹದಿನಾಲ್ಕು ಬಂದವನೊಬ್ಬ ನಾನು ಕೇಳುವ ಮೊದಲೇ, "ಸರ್, ಈ ಸಲ ಕೈ ನಡುಗತ್ರಿ" ಅಂದ. ಕೈ ನಡುಗಿರಲಿಲ್ಲ. ಡಬ್ಬಿಯಲ್ಲಿ ಐದಕ್ಕೊಂದು ಕೆಂಪು ಹಾಕಿದವನು ನಾನು. ಆದರೂ ಪಾಪ, ತಪ್ಪು ತನ್ನದೇ ಅಂದುಕೊಂಡ.

ಈಗ ಇನ್ಸೆಂಟಿವ್ ಮಾತು. ಈ ತಪ್ಪು ನಾನೇ ಮಾಡಿದ್ದೇನೆ, ಆದ್ದರಿಂದ ಸಿಟ್ಟು ಸ್ವಲ್ಪ ಜಾಸ್ತಿ. ಮೊದಲ ಸಲ ಲೀಡ್ ಆದಾಗ ಗೋಡೆಗೆ ಬೋರ್ಡ್ ಹಾಕಿಸಿದ್ದೆ: ವಾರಕ್ಕೆ ಯಾರು ಎಷ್ಟು ಬಗ್, ಮೊದಲನೆಯವರಿಗೆ ಬಹುಮಾನ. ಮೂರನೇ ವಾರಕ್ಕೆ 'ಮೊತ್ತ' ಎಂಬ ಪದದ ಒತ್ತಕ್ಷರ ಬಿಟ್ಟುಹೋದದ್ದು ನಾಲ್ಕು ಸ್ಕ್ರೀನಿಗೆ ನಾಲ್ಕು ಬಗ್ ಆಗಿ ಬಂತು. ಡೆವಲಪರ್‌ಗಳು ಟೆಸ್ಟರ್‌ಗಳ ಜೊತೆ ಚಹಾಕ್ಕೆ ಹೋಗುವುದನ್ನು ಬಿಟ್ಟರು. ಆಮೇಲೆ ಒಬ್ಬ ಹುಡುಗ ಶನಿವಾರ ಕಂಡ ಬಗ್ಗನ್ನು ಸೋಮವಾರಕ್ಕೆ ಉಳಿಸಿಕೊಂಡ, ಹೊಸ ವಾರದ ಲೆಕ್ಕಕ್ಕೆ ಬರಲಿ ಎಂದು. ರಿಲೀಸ್ ಭಾನುವಾರ ಹೋಯಿತು. ಬಿಲ್ಲಿನಲ್ಲಿ ಪೈಸೆ ರೌಂಡ್ ಮಾಡುವ ಜಾಗದಲ್ಲಿತ್ತು ಆ ಬಗ್. ಹುಡುಗನನ್ನು ಬೈದೆ. ಬೈಸಿಕೊಳ್ಳಬೇಕಾದವನು ಬೋರ್ಡ್ ಹಾಕಿಸಿದವನು ಎಂದು ಹೊಳೆಯುವುದಕ್ಕೆ ನನಗೆ ವರ್ಷ ಹಿಡಿಯಿತು. ಡೆಮಿಂಗ್ ಕಂಪನಿ ನಡೆಸುವವರಿಗೆ ಹೇಳಿದ 14 ಅಂಶಗಳಲ್ಲಿ ಎಂಟನೆಯದು ಭಯ ಓಡಿಸಿ ಎನ್ನುತ್ತದೆ, ಹತ್ತನೆಯದು ಘೋಷಣೆಯ ಪೋಸ್ಟರ್ ಕಿತ್ತುಹಾಕಿ ಎನ್ನುತ್ತದೆ. ಇವೆರಡನ್ನೂ ಓದಿಯೇ ಬೋರ್ಡ್ ಹಾಕಿಸಿದ್ದೆ, ಅದು ಇನ್ನೂ ನಾಚಿಕೆ.

ಇನ್ನು ನಿಮ್ಮ 6ರವಳು. ಸಾಫ್ಟ್‌ವೇರ್‌ಗೆ ಬರುವ ಮುಂಚೆ ನಾನು ಇದೇ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. 43 ಗ್ರೇಡ್ ಸಿಮೆಂಟಿನ ಕ್ಯೂಬನ್ನು 28 ದಿನಕ್ಕೆ ಒಡೆದು ಬಲ ನೋಡುತ್ತಾರೆ. ಅಷ್ಟು ಹೊತ್ತಿಗೆ ಆ ಸಿಮೆಂಟು ಯಾರದೋ ಮನೆಯ ಸ್ಲ್ಯಾಬ್ ಆಗಿರುತ್ತದೆ. ಆದ್ದರಿಂದ ನಾವು ಜೀವ ಹಿಡಿದು ನೋಡುತ್ತಿದ್ದದ್ದು ಕ್ಯೂಬನ್ನಲ್ಲ, ಗೂಡಿಗೆ ಹೋಗುವ ಸುಣ್ಣಕಲ್ಲಿನ ಪುಡಿ ಮತ್ತು ಗೂಡಿನಲ್ಲಿ ಬೆಂದು ಬರುವ ಗಟ್ಟಿ, ಅಂದರೆ ಕ್ಲಿಂಕರನ್ನು. ಕ್ಲಿಂಕರಿನಲ್ಲಿ ಬೇಯದ ಸುಣ್ಣ ಹೆಚ್ಚು ಕಂಡರೆ ತಕ್ಷಣ ಗೂಡಿನವರಿಗೆ ಫೋನು.

ಆಕೆ ಡೆವಲಪರ್‌ಗಳ ಹತ್ತಿರ ಏನು ಮಾತಾಡುತ್ತಾಳೆ ಎಂದು ಒಂದು ದಿನವಾದರೂ ಪಕ್ಕದಲ್ಲಿ ನಿಂತು ಕೇಳಿದ್ದೀರಾ? "ಖಾಲಿ ಚೀಲದ ತೂಕ ಹಮಾಲಿ ಲೆಕ್ಕಕ್ಕಿಂತ ಮೊದಲು ಕಳೀತೀರೋ, ಆಮೇಲೋ? ಲಾರಿ ಖಾಲಿ ತೂಕ ತುಂಬಿದ ತೂಕಕ್ಕಿಂತ ಜಾಸ್ತಿ ಬರೆದರ ಏನಾಗತದ?" ಇಂಥ ಪ್ರಶ್ನೆ ಕೋಡ್ ಬರೆಯುವ ಮುಂಚೆ ಬಿದ್ದರೆ ಆ ಬಗ್ ಹುಟ್ಟುವುದೇ ಇಲ್ಲ. ಹುಟ್ಟದ ಬಗ್ ನಿಮ್ಮ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಬರಿ ಹರಟೆಯೇ ಆಗಿದ್ದರೆ ಅದೂ ಕೇಳಿಸುತ್ತದೆ, ಆಗ ನನಗೆ ಬರೆಯಿರಿ.

ಮಾಲೀಕರಿಗೆ ಬೇರೆ ಲೆಕ್ಕ ಕೊಡಿ. ಕಳೆದ ಮೂರು ತಿಂಗಳಲ್ಲಿ ಗಿರಾಕಿಯೇ ಫೋನ್ ಮಾಡಿ ಹೇಳಿದ ಬಗ್‌ಗಳನ್ನಷ್ಟೇ ತೆಗೆಯಿರಿ. ಒಂದೊಂದರ ಮುಂದೆ ಅದು ಎಲ್ಲಿ ಹುಟ್ಟಿತು ಎಂದು ಬರೆಯಿರಿ: ಗಿರಾಕಿ ಹೇಳಿದ್ದು ಅರ್ಥವಾಗದೆ, ಕೋಡ್‌ನಲ್ಲಿ, ಇಲ್ಲವೇ ಮಿಲ್ಲಿನ ಕಂಪ್ಯೂಟರ್‌ಗೆ ಹಾಕುವಾಗ. ಯಾರು ಎಂಬ ಕಾಲಂ ಬೇಡವೇ ಬೇಡ. ಆ ಕಾಲಂ ಇದ್ದರೆ ಮಾಲೀಕರ ಕಣ್ಣು ಬೇರೆ ಎಲ್ಲೂ ಹೋಗುವುದಿಲ್ಲ. ಮೇಲಿನ ಬೇಲಿಯ ಲೆಕ್ಕವನ್ನೂ ಹೆಸರು ಸಮೇತ ತೋರಿಸಬೇಡಿ, ತೋರಿಸಿ ಕೆಟ್ಟವನು ನಾನು.

ಆಕೆಯ ಕುರ್ಚಿಯನ್ನು ಡೆವಲಪರ್‌ಗಳ ಸಾಲಿಗೇ ಹಾಕಿಸಿ. ಕೂಲರ್ ಗಾಳಿ ಅಲ್ಲಿಗೆ ಮುಟ್ಟುತ್ತದೋ ಇಲ್ಲವೋ ನೋಡಿಕೊಳ್ಳಿ, ಏಪ್ರಿಲ್ ಬಂತು.