ನಾಲ್ಕು ವರ್ಷದ ಮಕ್ಕಳ ಬರ್ತ್‌ಡೇಗೆ ಪ್ಲಾಸ್ಟಿಕ್ ಇಲ್ಲದ ರಿಟರ್ನ್ ಗಿಫ್ಟ್ ಯಾವುದು ಒಳ್ಳೆಯದು?

ಹುಟ್ಟುಹಬ್ಬಕ್ಕೆ ಇನ್ನೊಂದು ತಿಂಗಳಿದೆ ಅಂತ ಹೇಳಿ ನೀವು ಕೊಟ್ಟ ಪಟ್ಟಿ ಇದು: ಬೀಜದ ಬಳೆ, ಬೀಜದ ಪೆನ್ಸಿಲ್ (ತುದಿಯ ಗುಳಿಗೆಯಲ್ಲಿ ಬೀಜ ತುಂಬಿರುವಂಥದ್ದು), ಬಿದಿರಿನ ಹಲ್ಲುಜ್ಜುವ ಬ್ರಷ್. ನೀವು ಬರೆದಿರುವ ಮೂರರಲ್ಲಿ ಮೊದಲನೆಯದನ್ನು ಈಗಲೇ ಹೊಡೆದುಹಾಕಿ. ನನ್ನ ಮಗನ ಮೂರನೇ ಹುಟ್ಟುಹಬ್ಬಕ್ಕೆ ನಾನು ಕೊಟ್ಟಿದ್ದು ಅದನ್ನೇ.

ಆಗ ನಾವು ಮೈಸೂರಿನಲ್ಲಿದ್ದೆವು. ಬೇರೆ ಮಕ್ಕಳ ಪಾರ್ಟಿಯಿಂದ ಬಂದ ಪೀಪಿ, ಪುಟಾಣಿ ಕಾರು, ಮಿಂಚಿನ ಪುಡಿ ಹಾಕಿದ ಸ್ಲೈಮ್ ಎಲ್ಲ ಒಂದೇ ವಾರದಲ್ಲಿ ಕಸದ ಬುಟ್ಟಿ ಸೇರುವುದನ್ನು ನೋಡಿ ಬೇಜಾರಾಗಿತ್ತು. ನಮ್ಮನೆಯಿಂದ ಒಂದು ಚೂರೂ ಪ್ಲಾಸ್ಟಿಕ್ ಹೋಗಬಾರದು ಅಂತ ಹಟ ಹಿಡಿದೆ. ಕರಕುಶಲ ಮೇಳವೊಂದರಲ್ಲಿ ಬೀಜ ಪೋಣಿಸಿದ ಕೈಬಳೆ ಸಿಕ್ಕಿತು. ಹತ್ತಿಯ ದಾರ, ಕಂದು ಬೀಜಗಳು, ಅವುಗಳ ನಡುನಡುವೆ ಕಪ್ಪು ಚುಕ್ಕೆಯ ಕೆಂಪು ಗುಲಗಂಜಿ. ಎಷ್ಟು ಚೆಂದ ಇತ್ತು ಅಂದ್ರೆ, ಬೆಲೆಯನ್ನೂ ಚೌಕಾಸಿ ಮಾಡಲಿಲ್ಲ. ಬಟ್ಟೆಯ ಚೀಲಕ್ಕೆ ಹಾಕಿ ಬಂದ ಮಕ್ಕಳಿಗೆಲ್ಲ ಕೊಟ್ಟೆ.

ಪಕ್ಕದ ಬೀದಿಯ ಹುಡುಗಿ ಅದನ್ನು ಕೈಗೆ ಹಾಕಿಕೊಂಡೇ ಮನೆಗೆ ಹೋದಳು. ಅವಳ ತಮ್ಮನಿಗೆ ಆಗ ಒಂದೂವರೆ ವರ್ಷ. ಸಿಕ್ಕಿದ್ದೆಲ್ಲ ಬಾಯಿಗೆ. ರಾತ್ರಿ ಅವರಮ್ಮನ ಫೋನ್ ಬಂತು. "ಅಕ್ಕ, ಆ ಬಳೆಯಲ್ಲಿ ಇದ್ದದ್ದು ಯಾವ ಬೀಜ? ಪುಟ್ಟ ಅಗಿದುಬಿಟ್ಟಿದ್ದಾನೆ, ಬಾಯಲ್ಲಿ ಕೆಂಪು ಸಿಪ್ಪೆ ಇದೆ." ಗುಲಗಂಜಿ ಅಂತ ಹೇಳುವಾಗಲೂ ನನಗೆ ಅದರ ಅಪಾಯ ಗೊತ್ತಿರಲಿಲ್ಲ. ಹಿಂದೆ ಕೂತಿದ್ದ ನಮ್ಮತ್ತೆ ಆ ಹೆಸರು ಕೇಳಿ ಎದ್ದು ನಿಂತರು. "ವಿಷ ಕಣೇ ಅದು, ಆಸ್ಪತ್ರೆಗೆ ಹೊರಡಿ ಅನ್ನು" ಅಂದರು.

ಮಗುವಿಗೆ ವಾಂತಿ ಶುರುವಾಗಿತ್ತು. ಈ ವಿಷದ ಪರಿಣಾಮ ತಡವಾಗಿಯೂ ಕಾಣಿಸಬಹುದು ಅಂತ ಡಾಕ್ಟರು ಮನೆಗೆ ಬಿಡಲಿಲ್ಲ, ಅಲ್ಲೇ ಇಟ್ಟುಕೊಂಡು ನೋಡಿದರು. ದೇವರ ದಯೆ, ಹುಡುಗ ಚೇತರಿಸಿಕೊಂಡ. ಅವರಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಆದರೆ ಆಮೇಲೆ ಅವರ ಮಕ್ಕಳು ನಮ್ಮನೆಗೆ ಆಡಲು ಬರಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅದೇ ದಾರಿಯಲ್ಲಿ ಇದ್ದೀರಿ. ಪ್ಲಾಸ್ಟಿಕ್ ಅಲ್ಲ ಅಂದ ಕೂಡಲೇ ನಾನು ಬೇರೆ ಏನನ್ನೂ ಕೇಳಲಿಲ್ಲ. ಗಿಡದಲ್ಲಿ ಬಿಟ್ಟದ್ದು, ಬಣ್ಣವೂ ಹುಟ್ಟಾ ಬಂದದ್ದು, ಅದರಿಂದೇನು ಅಂದುಕೊಂಡೆ. ಅದೂ ಅಲ್ಲದೆ ಗುಲಗಂಜಿ ನನಗೆ ಹೊಸದಲ್ಲ. ಅಜ್ಜಿ ಮನೆಯಲ್ಲಿ ಚೆನ್ನೆಮಣೆ ಆಡುತ್ತಿದ್ದದ್ದೇ ಅದರಲ್ಲಿ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದೂ ಅದರಲ್ಲೇ. ಆಟ ಮುಗಿದ ಮೇಲೆ ಅಜ್ಜಿ ಬೀಜ ಎಣಿಸಿ ಡಬ್ಬಿಗೆ ಹಾಕಿ ಅಟ್ಟದ ಮೇಲಿಡುತ್ತಿದ್ದದ್ದು ಮಾತ್ರ ನೆನಪಾಗಲಿಲ್ಲ. ಕಳೆದುಹೋಗಬಾರದು ಅಂತ ಎಣಿಸುತ್ತಾರೆ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಡಾಕ್ಟರು ಹೇಳಿದರು. ಗುಲಗಂಜಿಯಲ್ಲಿರುವ ವಿಷದ ಹೆಸರು ಅಬ್ರಿನ್. ಅದರ ಸಿಪ್ಪೆ ಬಲು ಗಟ್ಟಿ, ಹಾಗಾಗಿ ಇಡೀ ಬೀಜ ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತದೆ. ಅಗಿದರೆ ಅಪಾಯ. ದಾರಕ್ಕೆ ಪೋಣಿಸಲು ತೂತು ಕೊರೆದ ಬೀಜ ಇನ್ನೂ ಅಪಾಯ, ಯಾಕಂದ್ರೆ ಸಿಪ್ಪೆ ಆಗಲೇ ಒಡೆದಿರುತ್ತದೆ. ಅಂದ್ರೆ ಅಜ್ಜಿಯ ಡಬ್ಬಿಯಲ್ಲಿದ್ದ ಬೀಜಕ್ಕಿಂತ ನಾನು ಹಂಚಿದ ಬಳೆಯ ಬೀಜ ಕೆಟ್ಟದ್ದು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2011ರಲ್ಲಿ ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಎಂಬ ದೊಡ್ಡ ಸಸ್ಯೋದ್ಯಾನದವರೇ ತಾವು ಮಾರಿದ್ದ ಗುಲಗಂಜಿ ಬಳೆಗಳನ್ನು ವಾಪಸ್ ಕೇಳಬೇಕಾಯಿತು. ನಿಮ್ಮ ಕೈಗೆ ಈಗಾಗಲೇ ಅಂಥದ್ದು ಬಂದಿದ್ದರೆ ಯಾರಿಗೂ ಕೊಡಬೇಡಿ. ಯಾವ ಮಗುವಾದರೂ ಬಾಯಿಗೆ ಹಾಕಿಕೊಂಡರೆ ವಾಂತಿ ಆಗಲಿ ಅಂತ ಕಾಯದೆ, ಒಂದು ಬೀಜ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ಈಗ ನಿಮ್ಮ ಪ್ರಶ್ನೆಗೆ. ಪರಿಸರಕ್ಕೆ ಯಾವುದು ಒಳ್ಳೆಯದು ಅಂತ ಮೊದಲು ಕೇಳಬೇಡಿ. ಆ ಮನೆಯ ಅತಿ ಚಿಕ್ಕ ಮಗುವಿನ ಬಾಯಿಗೆ ಇದು ಹೋದರೆ ಏನಾಗುತ್ತದೆ ಅಂತ ಕೇಳಿ. ಬರುವವರಿಗೆ ನಾಲ್ಕು ವರ್ಷ ಇರಬಹುದು, ಮನೆಯಲ್ಲಿ ತಮ್ಮನೋ ತಂಗಿಯೋ ಇರುತ್ತಾರೆ ಅಲ್ವಾ? ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಸುಮಾರು 3.2 ಸೆಂ.ಮೀ. ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ತೂರಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು ಅಂತ ಲೆಕ್ಕ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆ ಸಾಕು. ಬೀಜದ ಪೆನ್ಸಿಲ್ಲಿನ ತುದಿಯ ಗುಳಿಗೆ ಇಲ್ಲೇ ಸೋಲುತ್ತದೆ. ಬಿದಿರಿನ ಬ್ರಷ್‌ಗೆ ಹಿಡಿ ಮಾತ್ರ ಬಿದಿರು, ಎಳೆಗಳು ಸಾಮಾನ್ಯವಾಗಿ ನೈಲಾನ್. ಮಕ್ಕಳಿಗೆ ಅದರಲ್ಲಿ ಖುಷಿಯೂ ಇಲ್ಲ.

ನನ್ನನ್ನು ಕೇಳಿದರೆ ಈ ವಯಸ್ಸಿಗೆ ರಿಟರ್ನ್ ಗಿಫ್ಟೇ ಬೇಡ. ಅದು ದೊಡ್ಡವರ ಲೆಕ್ಕಾಚಾರ. ಕೊಡಲೇಬೇಕು ಅಂದ್ರೆ ತಲೆಗೆ ನೂರು ರೂಪಾಯಿಗೆ ನಾಲ್ಕು ಚಿಲ್ಲರೆ ಸಾಮಾನು ತುಂಬಬೇಡಿ, ಒಂದೇ ವಸ್ತು ಕೊಡಿ. ಚನ್ನಪಟ್ಟಣದ ದಪ್ಪ ಬುಗುರಿ ನನಗಿಷ್ಟ. ಲೇತ್ ಮೇಲೆ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅರಗಿನದೋ ಪೇಂಟಿನದೋ ಅಂತ ಕೇಳಿಯೇ ತೆಗೆದುಕೊಳ್ಳಿ.

ಅದಕ್ಕಿಂತ ಒಳ್ಳೆಯದು, ಖರ್ಚೂ ಇಲ್ಲದ್ದು, ತೆಂಗಿನ ಕರಟದಲ್ಲಿ ದೊಡ್ಡಪತ್ರೆ. ನಾನು ಮರುವರ್ಷ ಕೊಟ್ಟಿದ್ದು ಇದನ್ನೇ. ಕಣ್ಣಿರುವ ಹೋಳು ಮಾತ್ರ ಆರಿಸಿಕೊಳ್ಳಿ. ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ, ಅದನ್ನು ಮೊಳೆಯಿಂದ ಚುಚ್ಚಿದರೆ ನೀರು ಇಳಿದುಹೋಗಲು ದಾರಿ ಆಯಿತು. ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಮಣ್ಣು ತುಂಬಿ, ಗೇಣುದ್ದದ ಕಡ್ಡಿ ಸಿಗಿಸಿದರೆ ಮುಗಿಯಿತು. ಕರಟ ಉರುಳದಂತೆ ಕೆಳಗೆ ಹಳೆ ಬಟ್ಟೆಯ ಸಿಂಬಿ ಇಡಿ. ಎಲೆ ಮುಟ್ಟಿದರೆ ಕೈಯೆಲ್ಲ ಘಮ್ ಅನ್ನುತ್ತದೆ, ಮಕ್ಕಳು ಮೂಸಿ ಮೂಸಿ ನೋಡುತ್ತಾರೆ. ಚಿಕ್ಕವನು ಕಿತ್ತು ಬಾಯಿಗೆ ಹಾಕಿಕೊಂಡರೂ ಅದು ನಾವು ತಂಬುಳಿ ಮಾಡಿ ಉಣ್ಣುವ ಎಲೆಯೇ.

ಹುಟ್ಟುಹಬ್ಬಕ್ಕೆ ಒಂದು ತಿಂಗಳಿದೆ ಅಂದಿದ್ದೀರಿ. ಕಡ್ಡಿ ಬೇರು ಬಿಡಲು ಎರಡು ಮೂರು ವಾರ ಬೇಕು, ಒಂದು ಕಾಯಿಗೆ ಒಂದೇ ಹೋಳು ಉಪಯೋಗಕ್ಕೆ ಬರುವುದು. ಹಾಗಾಗಿ ಅಕ್ಕಪಕ್ಕದ ಮನೆಯವರಿಗೆ ಕರಟ ಎಸೆಯಬೇಡಿ ಅಂತ ಇವತ್ತೇ ಹೇಳಿಡಿ.