ಮಾಲು ತಡವಾಗುತ್ತದೆ ಎಂದು ಮೊದಲ ಸಾಲಲ್ಲೇ ಬರೆಯಿರಿ

ವ್ಯವಹಾರ ಪತ್ರಗಳ ಬಗ್ಗೆ ಓದುಗರು ಏನೇನೋ ಕೇಳುತ್ತಾರೆ. ಆದರೆ ಒಂದು ಪ್ರಶ್ನೆ ಮಾತ್ರ ಪ್ರತಿ ತೊಗರಿ ಸುಗ್ಗಿಗೂ ಬರುತ್ತದೆ. ಎಷ್ಟು ಸಲ ಹೇಳಿದರೂ ನಿಲ್ಲುತ್ತಿಲ್ಲ. ಅದಕ್ಕೇ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ದಾಲ್ ಮಿಲ್. ಹೈದರಾಬಾದಿನ ಖರೀದಿದಾರರಿಗೆ ಜನವರಿ 10ರೊಳಗೆ 200 ಕ್ವಿಂಟಲ್ ತೊಗರಿ ಬೇಳೆ ಕಳಿಸಬೇಕು. ಮಳೆ ಹಿಡಿದು ಮಾಲು ಒಣಗಿಲ್ಲ. 120 ಕ್ವಿಂಟಲ್ ಮಾತ್ರ ಆಗುತ್ತದೆ. ಅವರಿಗೆ ಬೇಜಾರಾಗದ ಹಾಗೆ ಹೇಗೆ ಬರೆಯಲಿ?

ಉತ್ತರ: ಬೇಜಾರು ಆಗೇ ಆಗುತ್ತದೆ. ಅದನ್ನು ತಪ್ಪಿಸುವ ಪತ್ರ ಇಲ್ಲ. ಅವರ ನಷ್ಟ ಕಡಿಮೆ ಮಾಡುವುದು ಮಾತ್ರ ನಿಮ್ಮ ಕೈಯಲ್ಲಿದೆ. ಅವರೂ ಯಾರಿಗೋ ಮಾತು ಕೊಟ್ಟಿರುತ್ತಾರೆ, ಅಲ್ವಾ? ಇವತ್ತೇ ತಿಳಿದರೆ ಉಳಿದ 80 ಕ್ವಿಂಟಲನ್ನು ಬೇರೆ ಕಡೆ ಹುಡುಕಿಕೊಳ್ಳುತ್ತಾರೆ. 9ರ ಸಂಜೆ ತಿಳಿದರೆ ಎಲ್ಲಿಗೆ ಹೋಗಬೇಕು?

ನಿಮ್ಮ ಕರಡು ಓದಿದೆ. ಅಜ್ಜನ ಕಾಲದ ಸಂಬಂಧ, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆ, ಹೊಸ ವರ್ಷದ ಶುಭಾಶಯ ಎಲ್ಲಾ ಇದೆ. ಕೊನೆಯಲ್ಲಿ ‘ಸ್ವಲ್ಪ ವಿಳಂಬವಾಗುವ ಸಾಧ್ಯತೆಯಿದೆ’ ಎಂದಿದ್ದೀರಿ. ಎಷ್ಟು ಮಾಲು, ಯಾವ ದಿನ ಅನ್ನುವುದೇ ಇಲ್ಲ. ಒಳ್ಳೆ ಮಾತಿನ ನಡುವೆ ಕೆಟ್ಟ ಸುದ್ದಿ ಮುಚ್ಚಿಡಿ ಎಂದು ರೆಡಿಮೇಡ್ ಪತ್ರ ಮಾರುವವರು, ಒಂದು ದಿನದ ತರಬೇತಿ ಕೊಡುವವರು ಹೇಳಿಕೊಡುತ್ತಾರೆ. ದುಡ್ಡು ತೆಗೆದುಕೊಂಡು ನಿಮ್ಮ ಗಿರಾಕಿಯನ್ನು ಕಳೆಯುವ ಕೆಲಸ ಅದು. ನಂಬಬೇಡಿ.

ಮೊದಲು ಫೋನ್ ಮಾಡಿ. ಅದೇ ದಿನ ಹೀಗೆ ಬರೆದು ಕಳಿಸಿ:

“ಜನವರಿ 10ಕ್ಕೆ ಒಪ್ಪಿದ್ದ 200 ಕ್ವಿಂಟಲ್ ಬೇಳೆಯಲ್ಲಿ ಆ ದಿನ 120 ಮಾತ್ರ ತಲುಪುತ್ತದೆ. ಉಳಿದ 80 ಕ್ವಿಂಟಲ್ ಜನವರಿ 24ರೊಳಗೆ ಕಳಿಸುತ್ತೇವೆ. ಮಳೆಯಿಂದ ತೊಗರಿ ಒಣಗಿಲ್ಲ. ಹಸಿ ಕಾಳಿನ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಅಂಥ ಬೇಳೆ ನಿಮಗೆ ಕಳಿಸಲಾರೆವು. 24ರವರೆಗೆ ಕಾಯಲು ಒಪ್ಪಿಗೆಯಿದ್ದರೆ ಬರೆದು ತಿಳಿಸಿ. ಬೇಡವಾದರೆ ಆ 80 ಕ್ವಿಂಟಲಿನ ಮುಂಗಡ ವಾಪಸ್ ಮಾಡುತ್ತೇವೆ. ನಿಮಗಾದ ತೊಂದರೆಗೆ ಕ್ಷಮೆ ಕೇಳುತ್ತೇವೆ.”

ಕ್ಷಮೆ ಒಂದೇ ಸಲ ಸಾಕು. ಕಾರಣ ಎರಡು ಸಾಲು ದಾಟಬಾರದು. ‘ಶೀಘ್ರದಲ್ಲೇ’ ಅನ್ನಬೇಡಿ, ತಾರೀಖು ಹಾಕಿ. ಎರಡನೇ ತಾರೀಖೂ ತಪ್ಪಿದರೆ ಮತ್ತೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಮಿಲ್‌ನಲ್ಲಿ ಹೇಳಿದ ದಿನಕ್ಕೆ ನಾನಂತೂ ಒಂದು ವಾರ ಸೇರಿಸಿಯೇ ಬರೆಸುತ್ತೇನೆ.

‘ಬರೆದು ಕೊಟ್ಟರೆ ಕೋರ್ಟಲ್ಲಿ ಸಿಕ್ಕಿಬೀಳ್ತೀವಿ’ ಎಂದು ಗಂಜ್ ಮಾರುಕಟ್ಟೆಯಲ್ಲಿ ಹೇಳುವವರಿದ್ದಾರೆ. ಇದು ಸುಮ್ನೆ ಹೆದರಿಕೆ. 1872ರ ಕರಾರು ಕಾಯ್ದೆಯ 63ನೇ ಕಲಂ ಪ್ರಕಾರ ಖರೀದಿದಾರರು ಗಡುವು ಮುಂದೂಡಲು ಒಪ್ಪಬಹುದು. ಆ ಒಪ್ಪಿಗೆ ಬರಹದಲ್ಲಿದ್ದರೆ ನಿಮಗೇ ರಕ್ಷಣೆ. ಆದರೆ ‘ನಿಮ್ಮ ನಷ್ಟವೆಲ್ಲಾ ನಾವೇ ತುಂಬುತ್ತೇವೆ’ ಎಂದು ಭಾವುಕರಾಗಿ ಬರೆದುಬಿಡಬೇಡಿ. ದೊಡ್ಡ ಮೊತ್ತವಾದರೆ ಕಳಿಸುವ ಮೊದಲು ವಕೀಲರಿಗೆ ತೋರಿಸಿ.

ಪ್ರಶ್ನೆ: ಶಹಾಬಾದಿನ ಕಲ್ಲು ಪಾಲಿಶ್ ಘಟಕಕ್ಕೆ ಹಣ ಕೊಡಲು ಮೂರು ತಿಂಗಳಾಗುತ್ತದೆ. ಹೇಗೆ ತಿಳಿಸಲಿ?

ಉತ್ತರ: ತಿಳಿಸುವ ಮೊದಲು ಕಾನೂನು ನೋಡಿ. ಅದು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇರುವ ಸಣ್ಣ ಘಟಕವಾದರೆ, 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಲ್ಲಿ ನಿಮಗಿರುವುದು ಹೆಚ್ಚೆಂದರೆ 45 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಪತ್ರದ ಜೊತೆ ಆದಷ್ಟು ಹಣವನ್ನೂ ಕಳಿಸಿ.

ಪ್ರಶ್ನೆ: ಕೆಟ್ಟ ಸುದ್ದಿ ಶನಿವಾರ ಸಂಜೆ ಕಳಿಸಿದರೆ ಸೋಮವಾರಕ್ಕೆ ಸಿಟ್ಟು ಇಳಿದಿರುತ್ತದಂತೆ. ನಿಜವೇ? (ಯಾದಗಿರಿ)

ಉತ್ತರ: ಸುಳ್ಳು. ಭಾನುವಾರ ಪೂರ್ತಿ ಅವರು ಏನೂ ಮಾಡಲಾಗದೆ ಕೂರುತ್ತಾರೆ.

ಪ್ರಶ್ನೆ: ಬೆಳ್ಳಿ ದುಬಾರಿಯಾಗಿದೆ. ಒಪ್ಪಿಕೊಂಡ ಬಿದರಿ ಆರ್ಡರಿಗೂ ಹೊಸ ದರ ಹಾಕಬಹುದೇ? (ಬೀದರ್)

ಉತ್ತರ: ಬೇಡ. ಒಪ್ಪಿದ್ದನ್ನು ಹಳೇ ದರಕ್ಕೇ ಕೊಡಿ. ಹೊಸ ದರ ಎಷ್ಟು, ಯಾವ ತಾರೀಖಿನಿಂದ ಅನ್ನುವುದನ್ನು ಮಾತ್ರ ಈಗಲೇ ಬರೆದು ತಿಳಿಸಿ.